ಅರಿಶಿನದ ದಿನ ಆಂಪ್ಲಿಫೈಯರ್ ಬಿಚ್ಚಿದ ಮದುವಣಗಿತ್ತಿ

ಒಂದು ಮನೆಯಲ್ಲಿ ಕ್ಯಾಸೆಟ್ ಹಾಕಿದರೆ ಇಡೀ ಬೀದಿ ಕೆಲಸ ಮಾಡುತ್ತಲೇ ಹಾಡು ಕೇಳುತ್ತಿದ್ದ ಕಾಲವದು. ಬಡವನಹಳ್ಳಿ ಹತ್ತಿರದ ನಮ್ಮೂರಿನಲ್ಲಿ ಆ ಮನೆ ನಮ್ಮದು. ನಡುಮನೆಯ ಗೂಡಿನಲ್ಲಿ ಕ್ಯಾಸೆಟ್ ಡೆಕ್, ಪಕ್ಕದಲ್ಲಿ ಅಪ್ಪ ಎಂದೋ ತಂದಿದ್ದ ಆಂಪ್ಲಿಫೈಯರ್, ಎರಡು ಮೂಲೆಗೆ ಎರಡು ಮರದ ಸ್ಪೀಕರ್.

ಆ ಬೇಸಿಗೆಯಲ್ಲಿ ಅಪ್ಪನ ಕೊನೆಯ ತಂಗಿ ಗಿರಿಜತ್ತೆಯ ಮದುವೆ. ಸೋಬಾನೆ ಹಾಡಿಗೆ ಸುತ್ತಲ ಊರುಗಳಲ್ಲೆಲ್ಲ ಹೆಸರಾಗಿದ್ದ ಅಜ್ಜಿ ಆಗಲೇ ತೀರಿಕೊಂಡಿದ್ದರು. ಆದರೆ ಯಾರದೋ ಮದುವೆಯಲ್ಲಿ ಅಜ್ಜಿ ಹಾಡಿದ್ದನ್ನು ಅತ್ತೆ ರೆಕಾರ್ಡ್ ಮಾಡಿಟ್ಟಿದ್ದಳು. ಅವಳದು ಒಂದೇ ಹಟ: "ನಂಗೆ ಅರಿಶಿನ ಹಚ್ಚುವಾಗ ಅವ್ವನೇ ಹಾಡ್ಬೇಕು."

ಅರಿಶಿನದ ದಿನ ಬೆಳಗ್ಗೆ ಕ್ಯಾಸೆಟ್ ಹಾಕಿದೆವು. ಟೇಪ್ ತಿರುಗಿತು, ಆಂಪ್ಲಿಫೈಯರಿನ ಕೆಂಪು ದೀಪವೂ ಹತ್ತಿತು. ಸದ್ದು ಮಾತ್ರ ಇಲ್ಲ.

"ಪಕ್ಕದ ಮನೆ ಟೇಪ್ ರೆಕಾರ್ಡರ್ ತರ್ಲಾ?" ಎಂದರು ಅಪ್ಪ.

"ಬ್ಯಾಡಣ್ಣ, ಅದು ಕ್ಯಾಸೆಟ್ ನುಂಗುತ್ತೆ. ಅವ್ವನ ದನಿ ಇರೋದು ಇದೊಂದೇ."

ಅತ್ತೆ ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು. ಆಗಲೇ ಕೆನ್ನೆಗೆ ಶಾಸ್ತ್ರಕ್ಕೆಂದು ಒಂದಿಷ್ಟು ಅರಿಶಿನ ಬಿದ್ದಿತ್ತು. ಹಾಗೇ ಸೀರೆ ಸೆರಗು ಸಿಕ್ಕಿಸಿಕೊಂಡು ಸ್ಕ್ರೂಡ್ರೈವರ್ ಹಿಡಿದಳು. ಅಡುಗೆಮನೆಯಲ್ಲಿ ಕರ್ಜಿಕಾಯಿ ಕರಿಯುತ್ತಿದ್ದ ದೊಡ್ಡಮ್ಮ ಜಾಲರಿ ಸಮೇತ ಓಡಿ ಬಂದರು.

"ಅಯ್ಯೋ, ಅರಿಶಿನ ಬಿದ್ದ ಮೈಯಲ್ಲಿ ಕರೆಂಟ್ ಮುಟ್ತಾರೇನೇ? ಬುಡೇ ಅದ್ನ!"

"ಪ್ಲಗ್ ಕಿತ್ತಿದ್ದೀನಿ ಬುಡತ್ತಿಗೆ. ಸುಧಾ, ಬಾರೇ ಇಲ್ಲಿ. ಸ್ಪೀಕರಿಗೆ ಕಿವಿ ಇಡು."

ಸ್ಪೀಕರಿನ ತಂತಿಗಳನ್ನು ಬಿಡಿಸಿ ಟಾರ್ಚಿನ ಬ್ಯಾಟರಿಗೆ ಮುಟ್ಟಿಸಿದಳು. ನನ್ನ ಕಿವಿಯೊಳಗೆ 'ಟಪ್' ಅಂದಿತು. ನಾನು ಕುಣಿದುಬಿಟ್ಟೆ. ಎರಡೂ ಸ್ಪೀಕರ್ ಜೀವಂತ! ಹಾಗಾದರೆ ರೋಗ ಡಬ್ಬದ ಒಳಗೇ. ಫ್ಯೂಸ್ ನೋಡಿದಳು, ಸರಿಯಿತ್ತು. ಬ್ರಶ್ಶಿನಿಂದ ಧೂಳು ತೆಗೆದು, ವಾಲ್ಯೂಮ್ ಗುಂಡಿಯನ್ನು ಹಿಂದೆ ಮುಂದೆ ತಿರುಗಿಸಿ, ತಂತಿಗಳನ್ನು ಜೋಡಿಸಿ ಮತ್ತೆ ಹಾಕಿದಳು. ಮೌನ. ಅವಳ ಮುಖ ಬಾಡಿತು. ಹೆಂಗಸರು ಬರುವ ಹೊತ್ತಾಗುತ್ತಿತ್ತು, ಕರೆಂಟು ಯಾವಾಗ ಬೇಕಾದರೂ ಹೋಗಬಹುದಿತ್ತು.

"ಹೆಂಗತ್ತೆ ಈಗ?" ಎಂದೆ.

"ಎಲ್ಲೋ ಬೆಸುಗೆ ಬಿಟ್ಟಿರ್ಬೇಕು ಕಣೇ. ಕುಟ್ಟಿ ನೋಡಣ."

ಒಣಗಿದ ಬಿದಿರು ಕಡ್ಡಿಯೊಂದನ್ನು ಹಿಡಿದು, ಕರೆಂಟ್ ಹೊಡೆಯದಿರಲೆಂದು ಉಳಿದ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಒಳಗಿನ ಹಲಗೆಯನ್ನು ಅಲ್ಲಲ್ಲಿ ಮೆಲ್ಲಗೆ ತಟ್ಟತೊಡಗಿದಳು. ನಾನು ಸ್ಪೀಕರಿಗೆ ಅಂಟಿ ಕೂತೆ. ಏನೂ ಇಲ್ಲ, ಏನೂ ಇಲ್ಲ. ಆಮೇಲೆ 'ಧಡ್' ಎಂದು ಎದೆ ನಡುಗುವಂಥ ಸದ್ದಾಯಿತು. ಅದರ ಬೆನ್ನಿಗೇ ಅಜ್ಜಿಯ ದನಿಯ ಒಂದು ತುಣುಕು!

"ಬಂತು! ಅಜ್ಜಿ ಬಂತು! ಅಯ್ಯೋ, ಹೋಯ್ತು!"

"ಎಲ್ಲಿ ತಟ್ಟಿದಾಗ? ಇಲ್ಲೇನೇ? ಇಲ್ಲೇನೇ?"

"ಅಲ್ಲೇ! ಅಲ್ಲೇ!"

ದೀಪಕ್ಕಲ್ಲ, ಸದ್ದಿನ ಹಲಗೆಗೆ ಪವರ್ ತರುವ ತಂತಿಯ ಬುಡದ ಬೆಸುಗೆಯ ಸುತ್ತ ಕೂದಲೆಳೆಯಂಥ ಬಿರುಕು. ಅತ್ತೆ ಪ್ಲಗ್ ಕಿತ್ತಳು. ಒಳಗೆ ಉಳಿದ ಕರೆಂಟ್ ಇಳಿಯಲಿ ಎಂದು ನನ್ನನ್ನೂ ತಡೆದು ಕೂರಿಸಿದಳು. ಅಪ್ಪ ಕಾದ ಸೋಲ್ಡರಿಂಗ್ ಕಡ್ಡಿ ಕೊಟ್ಟರು. ಸೀಸ ಕರಗಿ ಬೆಳ್ಳಿಯ ಹನಿಯಂತೆ ಹೊಳೆಯಿತು. ಅದರ ಹೊಗೆಗೆ ಅರಿಶಿನದ, ಕಾದ ಕಡಲೆಕಾಯಿ ಎಣ್ಣೆಯ ವಾಸನೆ ಬೆರೆಯಿತು. ಬಾಗಿಲಲ್ಲಿ ಹೆಂಗಸರು ಬಂದು ನಿಂತಿದ್ದರು.

ಸ್ವಿಚ್ ಒತ್ತಿದಳು. ಅಜ್ಜಿ ಹಾಡಿದರು! ನಡುಮನೆ ತುಂಬುವಂತೆ, ನಡುವೆ ಕೆಮ್ಮಿ, ನಕ್ಕು, ಮತ್ತೆ ಎತ್ತಿಕೊಂಡು ಹಾಡಿದರು.

ಬೈಯುತ್ತಿದ್ದ ದೊಡ್ಡಮ್ಮನೇ ಎಲ್ಲರಿಗಿಂತ ಮೊದಲು ಸೊಲ್ಲು ಸೇರಿಸಿದರು. ಅಜ್ಜಿ ಉಸಿರು ತೆಗೆದುಕೊಳ್ಳಲು ನಿಂತಲ್ಲೆಲ್ಲ ಹೆಂಗಸರು ಮುಂದಿನ ಸಾಲು ಎತ್ತಿಕೊಂಡರು, ಬದುಕಿರುವವರ ಜೊತೆ ಹಾಡಿದಷ್ಟೇ ಸಲೀಸಾಗಿ. ಅತ್ತೆ ಹಸೆಯ ಮೇಲೆ ಕೂತು ಅಳುತ್ತ ನಗುತ್ತಿದ್ದಳು. ನಾನಂತೂ ಊರಿಗೆಲ್ಲ ಕೇಳಲೆಂದು ಎರಡೂ ಕಿಟಕಿ ತೆರೆದೆ.

ಮೊನ್ನೆ ಪಾವಗಡದಲ್ಲಿ ನೆಂಟರ ಮದುವೆಗೆ ಹೋಗಿದ್ದೆ. ಅರಿಶಿನದ ಹೊತ್ತಿಗೆ ಯಾರೋ ಫೋನಿನಲ್ಲಿ ಸೋಬಾನೆ ಹಾಕಿದರು. ಒಂದಿಷ್ಟೂ ಗರಗರ ಇಲ್ಲದ, ತಿಳಿಯಾದ ಸದ್ದು. ಹಾಡುತ್ತಿದ್ದವಳು ಉಸಿರಿಗೆ ನಿಂತಳು. ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಮುಂದಿನ ಸಾಲು ನಮ್ಮಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ.