ಇನ್ನೂರು ಗಣಪತಿಗಳ ವಿಸರ್ಜನೆ

ಹಳೇ ಹುಬ್ಬಳ್ಳಿಯ ಲಗ್ನಪತ್ರಿಕೆ ಪ್ರೆಸ್ಸೊಂದರ ಕಂಪ್ಯೂಟರಿಗೆ ಗಿರಾಕಿಗಳ ಫ್ಲಾಪಿಯಿಂದ ದಿನಕ್ಕೊಂದು ವೈರಸ್. ವಿಂಡೋಸ್ ಪಕ್ಕದಲ್ಲೇ, ಆ ವೈರಸ್ಸುಗಳು ತಾಗದ ಲಿನಕ್ಸ್ ಹಾಕಿಕೊಡುತ್ತೇನೆ ಎಂದು ಒಪ್ಪಿಕೊಂಡುಬಿಟ್ಟಿದ್ದೆ. ನಾನು ಹಾಕುತ್ತಿದ್ದ ಮೊದಲ ಲಿನಕ್ಸ್ ಅದು! ಮಾಲೀಕ ಕಾಕಾರದು ಒಂದೇ ಷರತ್ತು: "ಒಂದು ಲಗ್ನಪತ್ರಿಕಿನೂ ಅಳಿಸಬ್ಯಾಡ ನೋಡವಾ. ಅಕ್ಕಂದು ಮಾಡಿಸಿದವರು ತಂಗೀದೂ ಇಲ್ಲೇ ಮಾಡಿಸ್ತಾರ."

ಡಿಸ್ಕಿನಲ್ಲಿ ಜಾಗ ಸಾಲಲಿಲ್ಲ. ಲಿನಕ್ಸಿನ ಆಟಗಳನ್ನೆಲ್ಲ ಕೈಬಿಟ್ಟೆ, ಆದರೂ ಸಾಲದು. ಆಗುವುದಿಲ್ಲ ಎಂದು ಹೇಳಲು ಬಾಯಿ ಬರದೆ, ಸುಮ್ಮನೆ ಲಗ್ನಪತ್ರಿಕೆಗಳ ಫೋಲ್ಡರುಗಳನ್ನು ಒಂದೊಂದಾಗಿ ತೆರೆಯುತ್ತ ಕೂತೆ. ಎಲ್ಲದರಲ್ಲೂ ಅದೇ ಗಣಪತಿ! ಸ್ಕ್ಯಾನ್ ಮಾಡಿದ ಒಂದೇ ದೊಡ್ಡ ಚಿತ್ರ, ಇನ್ನೂರು ಸಲ ಕಾಪಿ. ಒಂದನ್ನು ಉಳಿಸಿಕೊಂಡರೆ ಎಲ್ಲ ಪತ್ರಿಕೆಗೂ ಅದನ್ನೇ ಹಚ್ಚಬಹುದಿತ್ತು.

"ಕಾಕಾ... ಒಂದು ಇಟ್ಕೊಂಡು ಉಳಿದ ಗಣಪತಿ ಅಳಸ್ಲೇನ್ರಿ?"

ಕಾಕಾ ಕನ್ನಡಕ ಏರಿಸಿ ಪರದೆ ನೋಡಿದರು, ಆಮೇಲೆ ನನ್ನನ್ನು. "ವರ್ಷಕ್ಕೊಮ್ಮೆ ನೀರಾಗ ಬಿಡೂದಿಲ್ಲೇನವಾ ನಾವು? ಒತ್ತು!" ಎಂದವರೇ "ಗಣಪತಿ ಬಪ್ಪಾ" ಎಂದು ಕೂಗಿದರು. ಒಳಗೆ ಪತ್ರಿಕೆ ಮಡಚುತ್ತಿದ್ದ ಕೆಲಸದಾಕೆ "ಮೋರಯಾ" ಎಂದಳು. ನಾನು ಡಿಲೀಟ್ ಒತ್ತಿದೆ.

ಲಿನಕ್ಸಿಗೆ ಜಾಗ ಸಾಕಾಯಿತು! ಶುರುವಾಗುವಾಗ ಕಪ್ಪು ಪರದೆಯ ಮೇಲ್ತುದಿಯಲ್ಲಿ ಪುಟ್ಟ ಪೆಂಗ್ವಿನ್ ಬಂದು ಕೂತಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ಗಣಪತಿ ಜಾಗಾದಾಗ ಇದ್ಯಾರವಾ?"

"ಪೆಂಗ್ವಿನ್ ರೀ ಕಾಕಾ. ಲಿನಕ್ಸಿನ ಗುರುತು."

ಕಾಕಾ ಬಗ್ಗಿ ಅದನ್ನು ಚೆನ್ನಾಗಿ ಪರೀಕ್ಷಿಸಿದರು.

"ಇರಲಿ ಬಿಡು. ಹೊಟ್ಟಿ ಅಂತೂ ಹಂಗ ಐತಿ."