ಅವ್ವನ ಬಾಯಿ

ಅಡುಗೆಯವಳಿಗೆ ಹಳಸಿದ್ದು, ಕೊಳೆತದ್ದು ಹೊಸತಲ್ಲ. ಆದರೂ ಆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವ್ವ ಮಾತಾಡಲು ಬಾಯಿ ತೆರೆದಾಗ ಬಂದ ನಾತಕ್ಕೆ ನಾನು ಮುಖ ತಿರುಗಿಸಿಬಿಟ್ಟೆ.

ಅವ್ವ ನನ್ನ ಹೆತ್ತವರಲ್ಲ. ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ಕಲಬುರಗಿ ಕಡೆಯ ಹಳ್ಳಿಯಿಂದ ಬಂದು, ನಾನು ಅಡುಗೆ ಮಾಡುವ ಮಠದ ಹಿಂದಿನ ಕೋಣೆಯಲ್ಲಿದ್ದ ವಿಧವೆ. ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ನಡುವೆ ನನಗೆ ಜ್ವರ ಬಂದು ಕೆಲವು ದಿನ ನೋಡಲು ಹೋಗಲಾಗಿರಲಿಲ್ಲ.

"ಬಾಯಿ ಉರೀತೈತಿ ತಂಗಿ. ಹಲ್ಲ ತಗೀರಿ ಅಂತ ಬಡ್ಕೊಂಡೆ, ಇವರಿಗೆ ನನ್ನ ಮಾತ ತಿಳೀವಲ್ದು."

ಕಟ್ಟಿಸಿದ ಹಲ್ಲು! ಅಷ್ಟು ದಿನವೂ ಯಾರೂ ಅದನ್ನು ತೆಗೆದಿರಲಿಲ್ಲ. ಬಟ್ಟೆ ಸುತ್ತಿದ ಬೆರಳಿನಿಂದ ನಾನೇ ಕಿತ್ತೆ. ಅಡಿಯಲ್ಲಿ ಹುಳಿತ ಗಂಜಿ, ಲೋಳೆ, ರಕ್ತ. ಒಸಡಿನ ತುಂಬ ಬಿಳಿ ಹುಣ್ಣು. ಬೇಸಿನ್ನಿನ ಹತ್ತಿರ ಓಡಿ ವಾಂತಿ ಮಾಡಿದೆ.

"ಮುಹ್ ತೋ ಘರವಾಲೇ ಸಾಫ್ ಕರತೇ ಹೈಂ," ಎಂದಳು ನರ್ಸು. ಬಾಯಿ ತೊಳೆಯುವುದು ಮನೆಯವರ ಕೆಲಸವಂತೆ. ನನ್ನ ಬದಲು ಬಂದು ಹೋಗುತ್ತಿದ್ದ ಮಠದ ಸ್ವಾಮಿ ಆವತ್ತೂ ಪಕ್ಕದಲ್ಲೇ ಇದ್ದರು; ಅದು ನರ್ಸುಗಳ ಕೆಲಸವೆಂದುಕೊಂಡಿದ್ದರಂತೆ.

"ದಿನಾ ಬಾಯಿಗೆ ಗಂಗಾಜಲ ಬಿಡ್ತಿದ್ರಲ್ಲ ಸ್ವಾಮಿಗಳೇ, ಒಳಗೇನಿದೆ ಅಂತ ಕಾಣಲಿಲ್ವಾ?"

"ಕಣ್ಣು ಮುಚ್ಚಿ ಮಂತ್ರ ಹೇಳ್ತಿದ್ದೆ, ತಾಯಿ."

ನರ್ಸಿಗಿಂತ ಅವರ ಮೇಲೆಯೇ ನನಗೆ ಹೆಚ್ಚು ಹೇಸಿಗೆಯಾಯಿತು.

ಆ ಹಲ್ಲನ್ನು ತೊಳೆಯದೆ ಹಾಗೇ ತಟ್ಟೆಯಲ್ಲಿಟ್ಟು ಹಿರಿಯ ಸಿಸ್ಟರ್ ಮುಂದೆ ಹಿಡಿದೆ. ಆಕೆ ಮೂಗು ಮುಚ್ಚಿಕೊಂಡು ಎದ್ದು, ಟಾರ್ಚ್ ಹಿಡಿದು ವಾರ್ಡಿನ ಹೆಂಗಸರ ಬಾಯಿ ನೋಡುತ್ತ ನಡೆದರು. ನಾನೂ ಹಿಂದೆ ಹೋದೆ. ಗಂಗೆಯ ಆಚೆ ದಡದ ರಾಮನಗರದ ಮುದುಕಿಯೊಬ್ಬಳ ದವಡೆಯಲ್ಲಿ ಹಿಂದೆಂದೋ ತಿಂದ ರೊಟ್ಟಿಯ ಚೂರು ಬೂಷ್ಟು ಹಿಡಿದಿತ್ತು. ಎಲ್ಲರಿಗೂ ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಮಾತ್ರ ಬೀಳುತ್ತಿತ್ತು.

ಸಿಸ್ಟರ್ ಯಾರನ್ನೂ ಬೈಯಲಿಲ್ಲ. "ಈ ವಾರ್ಡಿನಲ್ಲಿ ಒಂದು ದಿನವೂ ತಪ್ಪದೆ ಬರೋದು ಚಹಾ ಒಂದೇ," ಎಂದು ಹಿಂದಿಯಲ್ಲಿ ಹೇಳಿ, ಬೆಳಗಿನ ಪಾಳಿಯ ನರ್ಸು ಎಲ್ಲರ ಬಾಯಿ ತೊಳೆಸುವವರೆಗೆ ಚಹಾದ ಕೆಟಲು ಒಳಗೆ ಬರಕೂಡದೆಂದು ಕಟ್ಟಪ್ಪಣೆ ಮಾಡಿದರು. ಮನೆಯವರು ಇರಲಿ, ಬಿಡಲಿ.

ಮರುದಿನ ನರ್ಸು ಗೊಣಗಿದಳು. ಆದರೆ ಚಹಾ ಬೇಕಾದ ಮುದುಕಿಯರೇ ಬಾಯಿ ತೆರೆದು, "ಬಿಟಿಯಾ, ಪಹಿಲೇ ಹಮಾರ್!" ಮೊದಲು ನನ್ನದು ಮಗಳೇ, ಎಂದು ಕೂಗತೊಡಗಿದರು. ಅವ್ವ ಮಠಕ್ಕೆ ಮರಳುವ ತನಕ ಆ ಬಾಯಿ ತೊಳೆಯುವುದು ಒಂದು ದಿನವೂ ತಪ್ಪಿದ್ದನ್ನು ನಾನು ಕಾಣೆ.

ಅವ್ವನ ಹುಣ್ಣು ಮಾಯಿತು. ನನ್ನ ಅಸಹ್ಯ ಮಾಯಲಿಲ್ಲ. ಊಟದ ಪಂಕ್ತಿಯಲ್ಲಿ ಆ ಸ್ವಾಮಿ ಕಣ್ಣು ಮುಚ್ಚಿ ಕೂತರೆ, ಅವರಿಗೆ ಬಡಿಸಲು ನಾನು ಇವತ್ತಿಗೂ ಬೇರೆಯವರನ್ನೇ ಕಳಿಸುತ್ತೇನೆ.