ಕರಿಕೆ, ಗರಿಕೆಯಲ್ಲ

ಪೂವಯ್ಯಣ್ಣ ಹಾಳೆಯನ್ನು ಯಾವತ್ತೂ ಮಗುಚುತ್ತಿರಲಿಲ್ಲ. ಒಣಗಿದ ಗಿಡ ಅಂಟಿಸಿದ ಹಾಳೆ ಅದು. ಎರಡೂ ಅಂಗೈ ಮೇಲೆ ಮಲಗಿಸಿಕೊಂಡೇ ತರುತ್ತಿದ್ದರು. ಮೊದಲ ದಿನ ನಾನು ಒಂದನ್ನು ಪುಸ್ತಕದ ಪುಟದ ಹಾಗೆ ತಿರುಗಿಸಿ ಹಾಕಿದೆ. ಎಲೆಯೊಂದು ಉದುರಿತು.

"ದೋಸೆಯಾ ಮಾರಾಯ ಅದು, ಮಗುಚಿ ಹಾಕ್ಲಿಕ್ಕೆ?"

ಪೊನ್ನಂಪೇಟೆ ಹತ್ತಿರದ ಒಣಗಿದ ಗಿಡಗಳ ಸಂಗ್ರಹಾಲಯದಲ್ಲಿ ಅವರು ಅಟೆಂಡರ್ ಆಗಿ ರಿಟೈರ್ ಆದವರು. ಆದರೂ ದಿನಾ ಹುದಿಕೇರಿಯಿಂದ ಬಸ್ಸಿಗೆ ಬರುತ್ತಿದ್ದರು. ಯಾವ ಬೀರುವಿನಲ್ಲಿ ಏನಿದೆ ಎಂದು ಅವರೊಬ್ಬರಿಗೇ ಗೊತ್ತಿತ್ತು. ನಾನು ಕುಶಾಲನಗರದಲ್ಲಿ ಮದುವೆ ಫೋಟೋ ತೆಗೆಯುತ್ತಿದ್ದವನು, ಎಂಟನೇ ಕ್ಲಾಸ್ ಫೇಲ್. ಹಾಳೆಗಳ ಫೋಟೋ ತೆಗೆದು, ಮೂಲೆಯಲ್ಲಿ ಅಂಟಿಸಿದ ಚೀಟಿಯಲ್ಲಿರುವುದನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ.

ಒಂದು ಹಾಳೆಯಲ್ಲಿ ಬರೀ ಎಲೆಗಳಿದ್ದವು. ಚೀಟಿಯಲ್ಲಿ ಒಂದೇ ಪದ, ಕರಿಕೆ. ಬರೆದವನಿಗೆ ಕನ್ನಡ ಬರುವುದಿಲ್ಲ ಎಂದುಕೊಂಡೆ. ಗಿಡದ ಹೆಸರು ಗರಿಕೆ ಎಂದು ತಿದ್ದಿ ಹಾಕಿ, ಊರಿನ ಜಾಗ ಖಾಲಿ ಬಿಟ್ಟೆ.

ಪೂವಯ್ಯಣ್ಣ ಸ್ಕ್ರೀನ್ ನೋಡಿದರು. "ಅಂಗೈಯಗಲ ಎಲೆ ಉಂಟು. ಇದನ್ನ ಗಣಪತಿಗೆ ಏರಿಸ್ತೀಯಾ ನೀನು?"

"ಮತ್ತೆ ಕರಿಕೆ ಅಂದ್ರೇನಣ್ಣ?"

"ಊರು ಮಾರಾಯ, ಕೇರಳ ಗಡಿಯಲ್ಲಿ. ಬರೆದದ್ದು ನಾನೇ. ಹರೆಯದಲ್ಲಿ, ಇಲ್ಲಿ ಗಿಡಕ್ಕೆ ಹೆಸರು ಹಾಕ್ತಿದ್ದ ನಮ್ಮ ಸಾರ್ ಜೊತೆ ಹೋಗಿ ತಂದದ್ದು. ಹೂವಿರಲಿಲ್ಲ. ಹೂ ನೋಡದೆ ಹೆಸರು ಹೇಳ್ಲಿಕ್ಕೆ ಆಗಲ್ಲ ಅಂದ್ರು ಸಾರ್. ಮತ್ತೆ ಯಾರೂ ಹೋಗ್ಲಿಲ್ಲ. ಇರೋದು ಇದೊಂದೇ ಹಾಳೆ. ನೀನು ಊರನ್ನೂ ತೆಗೆದ್ರೆ ಎಲ್ಲಿ ಹುಡುಕ್ತಾರೆ? ನಾನು ಹೋಗುವಾ ಅಂದ್ರೆ ಮಂಡಿ ಕೇಳಲ್ಲ."

ತಿದ್ದಿದೆ. ಅದುವರೆಗೆ ಹಾಕಿದ್ದನ್ನೆಲ್ಲ ಮತ್ತೊಮ್ಮೆ ನೋಡಿದೆ. ಅವರು ಪಕ್ಕದ ಸ್ಟೂಲಿನಲ್ಲೇ ಕೂತಿದ್ದರು.

ಮರುವರ್ಷ ಮೈಸೂರಿನಲ್ಲಿ ಯಾರೋ ಇಬ್ಬರು ಸಂಶೋಧಕರು ಕಂಪ್ಯೂಟರಿನಲ್ಲಿ ಆ ಹಾಳೆ ನೋಡಿ ಕರಿಕೆಗೆ ಹೋದರು. ನೀರು ಹರಿಯುವ ತೋಡಿನ ಬದಿಯಲ್ಲಿ ಗಿಡ ಸಿಕ್ಕಿತು, ಹೂವೂ ಇತ್ತು. ನನ್ನ ಫೋನಿಗೆ ಫೋಟೋ ಕಳಿಸಿದರು. ಅಷ್ಟು ಹೊತ್ತಿಗೆ ಪೂವಯ್ಯಣ್ಣ ಹಾಸಿಗೆ ಹಿಡಿದಿದ್ದರು. ಹುದಿಕೇರಿಗೆ ಹೋಗಿ ತೋರಿಸಿದೆ. ಫೋನನ್ನೂ ಎರಡು ಅಂಗೈ ಮೇಲೆ ಮಲಗಿಸಿಕೊಂಡೇ ನೋಡಿದರು.

"ಬಿಳಿಯಾ? ಇಷ್ಟು ವರ್ಷ ನಾನು ಹಳದಿ ಅಂದ್ಕೊಂಡಿದ್ದೆ."

ಅದೇ ತಿಂಗಳು ತೀರಿಕೊಂಡರು.

ಆಮೇಲೆ ಆ ಸಂಶೋಧಕರು ಕರಿಕೆಯಿಂದ ತಂದ ಗಿಡದ ಹೊಸ ಹಾಳೆ ಬಂತು. ಗಿಡದ ಹೆಸರು ಇನ್ನೂ ತೀರ್ಮಾನವಾಗಿರಲಿಲ್ಲ. ಹೂವು ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ನೋಡಿದವರಿಗೆ ಮೊದಲು ಹೇಗಿತ್ತೆಂದು ಗೊತ್ತಾಗುವಂತಿರಲಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟು ಉಳಿದದ್ದನ್ನು ಹಾಕಿದೆ. ಊರು ಕರಿಕೆ. ಹೂವು ಬಿಳಿ.